ಗೂಗಲ್ ದಾರಿಗೊಂದು ಪಾನಾ

ಗೂಗಲ್ ಎಂದರೆ ಈಗಿನವರಿಗೆ ಅಂಗೈಯೊಳಗಿನ ಫೋನು ನೆನಪಾಗುತ್ತದೆ. ನಮಗೆ ನೆನಪಾಗುವುದು ದೇವದುರ್ಗ ತಾಲೂಕಿನ ಒಂದು ಹಳ್ಳಿ. ಅಮೆರಿಕದ ಆ ಕಂಪನಿ ಹುಟ್ಟಿದ್ದು 1998ರಲ್ಲಿ. ನಮ್ಮ ಗೂಗಲ್ ಅದಕ್ಕಿಂತ ಎಷ್ಟೋ ಹಿಂದಿನಿಂದ ಕೃಷ್ಣೆಯ ದಂಡೆಯಲ್ಲಿ ಕುಳಿತಿದೆ. ಅಲ್ಲಮಪ್ರಭುವಿನ ಗುಡಿ ಇರುವುದರಿಂದ ಭಕ್ತರು ಹಿಂದಿನಿಂದಲೂ ಅದರ ಹೆಸರು ಬಲ್ಲರು. ನದಿಗೆ ಸೇತುವೆಯೂ ಬ್ಯಾರೇಜೂ ಆದ ಮೇಲೆ ಆಚೆ ದಂಡೆಯ ಯಾದಗಿರಿ ಜಿಲ್ಲೆಯವರ ಓಡಾಟವೂ ಹೆಚ್ಚಿದೆ. ಫೋನಿನ ಗೂಗಲ್‌ಗೆ ಏನು ಕೇಳಿದರೂ ಒಂದು ಉತ್ತರ ಸಿಗುತ್ತದೆ. ಆದರೆ ನಮ್ಮ ಗೂಗಲ್ ದಾರಿಯಲ್ಲಿ ಮಟಮಟ ಮಧ್ಯಾಹ್ನ ಸೈಕಲ್ ಪಂಚರಾಗಿ ನಿಂತವರಿಗೆ ಅದು ಒಂದು ಗುಟುಕು ಗಾಳಿಯನ್ನೂ ಕೊಡಲಾರದು. ಅಲ್ಲಿ ಬೇಕಾಗುವುದು ಎರಡು ಕಬ್ಬಿಣದ ಪಟ್ಟಿ, ಒಂದು ತುಂಡು ರಬ್ಬರು, ಒಂದು ಪಂಪು, ಮತ್ತು ಇವನ್ನು ಬಳಸಬಲ್ಲ ಕೈ.

ಸೈಕಲ್ಲಿನ ಕಾಲ ಮುಗಿಯಿತು ಎಂದು ಪಟ್ಟಣದವರು ತಿಳಿದಿದ್ದಾರೆ. ಮನೆಗೊಂದು ಬೈಕು ಬಂದಿರುವುದು ನಿಜವೇ. ಆದರೆ ಆ ಬೈಕು ಮನೆಯ ಗಂಡಸಿನದು. ಅವನು ಬೆಳಿಗ್ಗೆ ಅದನ್ನು ಹತ್ತಿ ಹೊರಟ ಮೇಲೆ ಮನೆಯಲ್ಲಿ ಉಳಿಯುವುದು ಸೈಕಲ್ಲು. ಶಾಲೆಗೆ ಹೋಗುವ ಹುಡುಗಿ, ಹತ್ತಿ ಬಿಡಿಸಲು ಹೋಗುವವರಿಗೆ ಬುತ್ತಿ ಒಯ್ಯುವ ಹುಡುಗ, ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಮುದುಕ, ಬಳೆ ಬಟ್ಟೆ ಪ್ಲಾಸ್ಟಿಕ್ ಕೊಡ ಹೇರಿಕೊಂಡು ಊರೂರು ತಿರುಗುವ ನಮ್ಮ ಜನ, ಇವರೆಲ್ಲ ಇನ್ನೂ ಪೆಡಲು ತುಳಿಯುತ್ತಲೇ ಇದ್ದಾರೆ. ಸೈಕಲ್ಲು ಉಳಿದಿದೆ, ಆದರೆ ಸೈಕಲ್ ಅಂಗಡಿ ಹೋಗಿದೆ. ಹಿಂದೆ ಪ್ರತಿ ದೊಡ್ಡ ಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಬೇವಿನ ಮರದ ಕೆಳಗೆ ಒಂದು ತಗಡಿನ ಚಪ್ಪರ, ನೀರು ತುಂಬಿದ ಬುಟ್ಟಿ, ತೂಗುಹಾಕಿದ ಹಳೆಯ ಟೈರು ಇರುತ್ತಿದ್ದವು. ಈಗ ಅದೇ ಜಾಗದಲ್ಲಿ ಬೈಕಿನ ಗ್ಯಾರೇಜು ಇದೆ. ಸೈಕಲ್ಲು ತಳ್ಳಿಕೊಂಡು ಹೋದರೆ "ಬಿಟ್ಟು ಹೋಗು, ಸಂಜಿಗಿ ನೋಡೂಣು" ಎನ್ನುತ್ತಾರೆ. ತಪ್ಪು ಅವರದಲ್ಲ. ಹತ್ತಿಪ್ಪತ್ತು ರೂಪಾಯಿಯ ಕೆಲಸಕ್ಕೆ ಇನ್ನೂರು ರೂಪಾಯಿಯ ಕೆಲಸ ಬಿಟ್ಟು ಯಾರು ಕೂಡುತ್ತಾರೆ?

ಈ ಸೀಮೆಯ ದಾರಿಗಳಾದರೂ ಟೈರಿಗೆ ಕರುಣೆ ತೋರಿಸುವಂಥವಲ್ಲ. ಕಾಲುವೆ ದಂಡೆ, ಹೊಲದ ಬದು, ಹಾಳುಬಿದ್ದ ನೆಲ ಎಲ್ಲೆಲ್ಲೂ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಗಿಡ ನಮ್ಮ ಬಡವರ ಒಲೆಗೆ ಕಟ್ಟಿಗೆಯಾಯಿತು, ಇದ್ದಿಲಾಯಿತು, ಬೇಲಿಯಾಯಿತು. ಕಡಿದು ಒಯ್ಯುವಾಗ ದಾರಿಯ ಮೇಲೆ ಉದುರಿದ ಅದರ ಮುಳ್ಳು ಮಾತ್ರ ಚಪ್ಪಲಿಯನ್ನೂ ಬಿಡುವುದಿಲ್ಲ, ಟೈರನ್ನೂ ಬಿಡುವುದಿಲ್ಲ. ಇನ್ನೊಂದು ನೆಗ್ಗಿಲು. ನೆಲಕ್ಕೆ ಹಬ್ಬಿ ಹಳದಿ ಹೂ ಬಿಡುವ ಸಾಧು ಬಳ್ಳಿ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಂತಿರುತ್ತದೆ. ಮಳೆ ಬಂತೆಂದರೆ ಎರೆಮಣ್ಣಿನ ಸರದಿ. ಟೈರಿಗೆ ಮೆತ್ತಿದ ಮಣ್ಣು ಮಡ್ಗಾರ್ಡಿನೊಳಗೆ ಗಿಡಿದು ಚಕ್ರ ಕಲ್ಲಿನಂತೆ ನಿಂತುಬಿಡುತ್ತದೆ. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಹೂವಿನಹೆಡಗಿಯ ಸೇತುವೆ ಮುಳುಗುವುದು ಎಲ್ಲರಿಗೂ ಗೊತ್ತು. 2019ರ ಆಗಸ್ಟಿನ ಪ್ರವಾಹದಲ್ಲಿ ಈ ಭಾಗದ ನದಿದಂಡೆಯ ಹಳ್ಳಿಗಳು ಪಟ್ಟ ಪಾಡು ಪತ್ರಿಕೆಗಳಲ್ಲಿ ಬಂದಿತ್ತು. ಅಂಥ ದೊಡ್ಡ ಕಷ್ಟಗಳಿಗೆ ಮಂತ್ರಿಗಳು ಬರುತ್ತಾರೆ, ದೋಣಿ ಬರುತ್ತದೆ. ನೆಗ್ಗಿಲು ಮುಳ್ಳಿನಂಥ ಸಣ್ಣ ಕಷ್ಟಕ್ಕೆ ಯಾರೂ ಬರುವುದಿಲ್ಲ.

ನಮ್ಮ ತಂಗಿಯನ್ನು ಕೊಟ್ಟಿರುವುದು ಗೂಗಲ್ ಕಡೆಯ ಒಂದು ಹಳ್ಳಿಗೆ. ಅವಳ ಎರಡನೆಯ ಮಗಳು ಒಂಬತ್ತನೆಯ ತರಗತಿ. ಶಾಲೆ ಮನೆಯಿಂದ ಐದು ಕಿಲೋಮೀಟರು. ಅವಳ ಸೈಕಲ್ಲು ಅಕ್ಕನಿಂದ ಬಂದದ್ದು, ಅಕ್ಕನಿಗೆ ಅದು 2018ರಲ್ಲಿ ಸರ್ಕಾರದಿಂದ ಬಂದದ್ದು. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿದಾಗ ಅದರ ಗುಣಮಟ್ಟದ ಬಗ್ಗೆ, ಟೆಂಡರಿನ ಬಗ್ಗೆ ಸಾಕಷ್ಟು ಮಾತು ನಡೆದವು. ನಡೆಯಬೇಕಾದ ಮಾತುಗಳೇ. ಆದರೆ ಸಂಜೆ ಶಾಲೆ ಬಿಟ್ಟಾಗ ಸಾಲಾಗಿ ಸೈಕಲ್ ಮೇಲೆ ಹೊರಟ ಹೆಣ್ಣುಮಕ್ಕಳನ್ನು ಕಂಡವರಿಗೆ ಒಂದು ಹೊಸದು ಕಣ್ಣಿಗೆ ಬಿದ್ದಿತ್ತು. 2011ರ ಜನಗಣತಿಯಲ್ಲಿ ನಮ್ಮ ರಾಯಚೂರು ಜಿಲ್ಲೆಯ ಹೆಂಗಸರ ಸಾಕ್ಷರತೆ ನೂರಕ್ಕೆ ಐವತ್ತನ್ನೂ ಮುಟ್ಟಿರಲಿಲ್ಲ. ಅಂಥ ಜಿಲ್ಲೆಯಲ್ಲಿ ಏಳನೆಯದಕ್ಕೆ ನಿಲ್ಲುತ್ತಿದ್ದ ಹುಡುಗಿಯನ್ನು ಎರಡು ಚಕ್ರಗಳು ಹತ್ತನೆಯದರವರೆಗೆ ಒಯ್ದವು. ಕೊರೊನಾ ಬಂದ 2020ರಲ್ಲಿ ಆ ವಿತರಣೆ ನಿಂತಿತು. ಹಾಗಾಗಿ ಅಕ್ಕನ ಸೈಕಲ್ಲೇ ತಂಗಿಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಟಿಕೆಟ್ಟಿಲ್ಲ ಎಂಬುದು ದೊಡ್ಡ ಉಪಕಾರವೇ. ಆದರೆ ಬಸ್ಸಿನ ವೇಳೆಯೂ ಶಾಲೆಯ ವೇಳೆಯೂ ಎಲ್ಲ ಊರುಗಳಲ್ಲಿ ಕೂಡಿಬರುವುದಿಲ್ಲ.

ಕಳೆದ ಬೇಸಿಗೆಯ ಹಿಂದೆ ಒಂದೇ ತಿಂಗಳಲ್ಲಿ ಮೂರು ಸಲ ಅವಳ ಸೈಕಲ್ಲು ದಾರಿಯಲ್ಲಿ ನಿಂತಿತು. ಮೂರನೆಯ ಸಲ ಕತ್ತಲಾಗುವ ಹೊತ್ತಿಗೆ ಸೈಕಲ್ಲು ತಳ್ಳಿಕೊಂಡು ಮನೆ ಸೇರಿದಳು. ಆ ರಾತ್ರಿ ಅವಳ ಅಪ್ಪ, "ಸಾಕು ಬಿಡು, ಓದಿದ್ದು ಬಾಳಾತು" ಎಂದನಂತೆ. ಅವನು ಕೆಟ್ಟವನಲ್ಲ, ಹೆದರಿದವನು. ಹೆಣ್ಣುಮಗಳ ಓದು ನಮ್ಮಲ್ಲಿ ನಿಲ್ಲುವುದು ಫತ್ವಾದಿಂದ, ವಿರೋಧದಿಂದ ಎಂದು ಹೊರಗಿನವರು ಊಹಿಸುತ್ತಾರೆ. ಬಹಳ ಸಲ ಅದು ನಿಲ್ಲುವುದು ಇಂಥ ಒಂದು ಸಂಜೆಯ ಹೆದರಿಕೆಯಿಂದ. ಹುಡುಗಿ ಮರುದಿನ ನಮಗೆ ಫೋನು ಮಾಡಿದಳು: "ಮಾಮೂ, ಸೈಕಲ್ ರಿಪೇರಿ ಸಾಮಾನು ಎಲ್ಲಾ ಒಂದರಾಗೇ ಇರ್ತದಂತಲ್ಲಾ, ಮಡಚೂದು, ಅದು ತಂದು ಕೊಡ್ರಿ. ಬಾಳ ರೊಕ್ಕಾ ಆಗೂದಾದ್ರ ಬ್ಯಾಡ್ರಿ."

ಅವಳು ಹೇಳಿದ್ದು ಮಲ್ಟಿಟೂಲ್ ಎಂಬ ವಸ್ತು. ಕಿಸೆಚಾಕುವಿನ ಹಾಗೆ ಮಡಚುವಂಥದು, ಒಂದರೊಳಗೆ ಹದಿನಾರು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ನಾವು ಅದನ್ನು ಕೊಳ್ಳುವ ಮೊದಲು ದೇವದುರ್ಗದಲ್ಲಿರುವ ನಮ್ಮ ಚಾಚಾರನ್ನು ಕೇಳಲು ಹೋದೆವು. ಚಾಚಾ ನಲವತ್ತು ವರ್ಷ ಸೈಕಲ್ ಅಂಗಡಿ ನಡೆಸಿದವರು. ನಾವು ಚಿಕ್ಕವರಿದ್ದಾಗ ಅವರಲ್ಲಿ ತಾಸಿನ ಬಾಡಿಗೆಗೆ ಕೊಡುವ ಸೈಕಲ್ಲುಗಳಿದ್ದವು, ಹುಡುಗರಿಗೆಂದೇ ಎರಡು ಅರ್ಧ ಸೈಕಲ್ಲುಗಳಿದ್ದವು. ಗೋಡೆಯ ಮೇಲೆ ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಕಂಪನಿಗಳ ಕ್ಯಾಲೆಂಡರುಗಳು. ಅಟ್ಲಾಸ್ 1951ರಲ್ಲಿ ಸೋನಿಪತ್ತಿನಲ್ಲಿ ಹುಟ್ಟಿತು, ಹೀರೋ 1956ರಲ್ಲಿ ಲೂಧಿಯಾನದಲ್ಲಿ. ಅಟ್ಲಾಸ್ ಕೊನೆಯ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ. ಆ ಸುದ್ದಿ ಓದಿ ಹೇಳಿದಾಗ ಚಾಚಾ ಬಹಳ ಹೊತ್ತು ಮಾತಾಡಿರಲಿಲ್ಲ. ಈಗ ಅಂಗಡಿ ಇಲ್ಲ. ಮಗ ರಾಯಚೂರಿನಲ್ಲಿ ಬೈಕಿನ ಮೆಕ್ಯಾನಿಕ್ಕು.

ಆ ಅಂಗಡಿಯ ಭಾಷೆಯೇ ಒಂದು ಪಾಠಶಾಲೆಯಾಗಿತ್ತು. ಬೆಳಿಗ್ಗೆ ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿ, ಮುಂದೆ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಬಾಯಿಪಾಠ ಮಾಡಿದ ನಮಗೆ ಎರಡೂ ಕೂಡಿ ಬಾಳುವುದನ್ನು ಕಲಿಸಿದ್ದು ಆ ಚಪ್ಪರವೇ. ಪಾನಾ, ಪೇಚ್‌ಕಸ್, ಛರ್ರೆ, ಕಟೋರಿ, ಹವಾ ಎಂಬ ಮಾತು ಚಾಚಾರದು. ಗಾಳಿ, ಕಡ್ಡಿ, ಮುಳ್ಳು, ಬಿಗಿ, ಸಡಿಲು ಎಂಬುದು ಗಿರಾಕಿಗಳದು. ಟೈರು, ಟ್ಯೂಬು, ಚೈನು, ಕಾಟರ್ ಪಿನ್ನು ವಿಲಾಯತಿಯಿಂದ ಬಂದದ್ದು. ಇವುಗಳಲ್ಲಿ ಯಾವುದನ್ನು ತೆಗೆದರೂ ಸೈಕಲ್ಲು ಓಡುತ್ತಿರಲಿಲ್ಲ.

ಚಾಚಾ ಮೊದಲು ಕೇಳಿದ ಪ್ರಶ್ನೆ, "ಹುಡುಗಿ ಸೈಕಲ್ಲು ದಾರಿಯೊಳಗ ಯಾಕ ನಿಂತಿತು?" ನಾವು ಹೇಳಿದೆವು: ಎರಡು ಸಲ ಮುಳ್ಳು, ಒಂದು ಸಲ ಮುಳ್ಳಿಲ್ಲದೆಯೇ ಗಾಳಿ ಹೋದದ್ದು. "ಹಂಗಾರ ಹದಿನಾರು ಸಾಮಾನು ಯಾಕ? ಬ್ಯಾನಿ ಯಾವುದೋ ಅದಕ್ಕ ಔಷಧ ತಗೋ." ದವಾಖಾನೆಗೆ ಹೋದವನು ಅಂಗಡಿಯಲ್ಲಿರುವ ಮಾತ್ರೆಗಳನ್ನೆಲ್ಲ ಕೊಳ್ಳುವುದಿಲ್ಲವಷ್ಟೇ. ಸೈಕಲ್ಲು ದಾರಿಯಲ್ಲಿ ನಿಲ್ಲಲು ಅವರ ಲೆಕ್ಕದಲ್ಲಿ ಐದೇ ಕಾರಣ: ಪಂಚರು, ವಾಲ್ವಿನ ರಬ್ಬರು ಹೋಗುವುದು, ಚೈನು ಬೀಳುವುದು ಅಥವಾ ಹರಿಯುವುದು, ನಟ್ಟು ಸಡಿಲಾಗುವುದು, ಬ್ರೇಕು ಹಿಡಿದುಕೊಳ್ಳುವುದು ಇಲ್ಲವೆ ಬಿಟ್ಟುಹೋಗುವುದು. ಉಳಿದದ್ದೆಲ್ಲ ಮನೆಗೆ ಹೋಗಿ ಮಾಡಿಸುವ ಕೆಲಸ.

ಈ ಲೆಕ್ಕ ಹಿಡಿದುಕೊಂಡು ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ಬಜಾರಿನಲ್ಲಿ ನಾವು ಅರ್ಧ ದಿನ ಓಡಾಡಿದೆವು. ಸೈಕಲ್ಲನ್ನೂ ಜೊತೆಗೆ ಒಯ್ದಿದ್ದೆವು. ಅದು ಚಾಚಾರ ಕಟ್ಟಪ್ಪಣೆ: ಚಪ್ಪಲಿ ಕೊಳ್ಳಲು ಕಾಲು ಒಯ್ಯುವ ಹಾಗೆ ಪಾನಾ ಕೊಳ್ಳಲು ಸೈಕಲ್ಲು ಒಯ್ಯಬೇಕು. ಹಳೆಯ ಕರಿ ಸೈಕಲ್ಲಿನ ನಟ್ಟು ಬೇರೆ, ಈಗಿನದು ಬೇರೆ, ಗೇರಿನ ಸೈಕಲ್ಲಿನದು ಇನ್ನೂ ಬೇರೆ.

ಮಡಚುವ ಉಪಕರಣ ಮೊದಲು ಕೈಗೆತ್ತಿಕೊಂಡೆವು. 350 ರೂಪಾಯಿ. ನೋಡಲು ಮುದ್ದಾಗಿತ್ತು. ಅದರೊಳಗೆ 2 ಮಿಲಿಮೀಟರಿನಿಂದ 6 ಮಿಲಿಮೀಟರಿನವರೆಗೆ ಆರು ಮೂಲೆಯ ಎಲ್ ಕೀಗಳು, 8, 9, 10ರ ಸಾಕೆಟ್ಟುಗಳು, ಎರಡು ಬಗೆಯ ಪೇಚ್‌ಕಸ್, ಕಡ್ಡಿ ಬಿಗಿಯುವ ಚಾವಿ, 8, 10, 15ರ ಬಾಯಿರುವ ಒಂದು ಚಪ್ಪಟೆ ಪಾನಾ. ಗೇರಿನ ಸೈಕಲ್ಲು ಇರುವವರಿಗೆ ಇದು ಒಳ್ಳೆಯದೇ. ಅಂಥ ಸೈಕಲ್ಲಿನಲ್ಲಿ ಹ್ಯಾಂಡಲ್ಲು, ಸೀಟು, ಬ್ರೇಕು ಎಲ್ಲ ಎಲ್ ಕೀಯ ಬೋಲ್ಟಿನ ಮೇಲೆಯೇ ನಿಂತಿರುತ್ತವೆ, ಅದರಲ್ಲೂ 4, 5 ಮತ್ತು 6 ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಆದರೆ ನಮ್ಮ ಹುಡುಗಿಯ ಸೈಕಲ್ಲಿನಲ್ಲಿ ಎಲ್ ಕೀ ಹೋಗುವ ಬೋಲ್ಟು ಒಂದೂ ಸಿಗಲಿಲ್ಲ. ಬರೀ ನಟ್ಟುಗಳು. ಬ್ರೇಕಿನ ನಟ್ಟಿಗೆ 8 ಮತ್ತು 10 ಸರಿಯಾಗಿ ಕೂತವು. ಚಕ್ರದ ನಟ್ಟಿಗೆ 15ರ ಬಾಯಿ ಕೂತಿತು, ಆದರೆ ತಿರುಗಲಿಲ್ಲ. ಬೆರಳಿನುದ್ದದ ತಗಡಿನಿಂದ ಚಕ್ರದ ನಟ್ಟು ಬಿಚ್ಚುವುದು ಚಮಚದಿಂದ ಬಾವಿ ತೋಡಿದ ಹಾಗೆ. ಚಕ್ರದ ನಟ್ಟಿಗೆ ಕನಿಷ್ಠ ಒಂದು ಗೇಣಿನ ಹಿಡಿ ಬೇಕು. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಹದಿನಾರರಲ್ಲಿ ಪಂಚರು ತಿದ್ದುವುದು ಒಂದೂ ಇರಲಿಲ್ಲ. ರಬ್ಬರಿಲ್ಲ, ಸೊಲ್ಯೂಷನ್ನಿಲ್ಲ, ಗಾಳಿಯಿಲ್ಲ.

ಅಗ್ಗದ ಸಾಮಾನು ಕೊಳ್ಳುವವರು ಪರೀಕ್ಷೆ ಮಾಡುವುದು ಹೇಗೆ ಎಂಬುದನ್ನು ಚಾಚಾರ ಮಾತಿನಲ್ಲೇ ಇಲ್ಲಿ ಹೇಳಿಬಿಡುತ್ತೇವೆ. ಹೊಳಪು ನೋಡಬೇಡಿರಿ, ಹೊಳಪು ಬರೀ ಲೇಪ. ಕ್ರೋಮ್ ವೆನೇಡಿಯಂ ಎಂದು ಒತ್ತಿದ್ದರೆ ಒಳ್ಳೆಯ ಉಕ್ಕು ಎಂದರ್ಥ, ಆದರೆ ಅಕ್ಷರ ಒತ್ತುವುದು ಸುಲಭ, ಉಕ್ಕು ಮಾಡುವುದು ಕಷ್ಟ. ಪಾನಾವನ್ನು ನಟ್ಟಿನ ಮೇಲೆ ಇಟ್ಟು ಅಲುಗಾಡಿಸಿ ನೋಡಿ. ಲೊಟಲೊಟ ಎಂದರೆ ಇಟ್ಟುಬಿಡಿ. ಅದು ಇವತ್ತು ತಿರುಗಿಸುತ್ತದೆ, ನಾಳೆ ನಟ್ಟಿನ ಮೂಲೆ ಸವೆಸಿ ದುಂಡಗೆ ಮಾಡುತ್ತದೆ, ಆಮೇಲೆ ಒಳ್ಳೆಯ ಪಾನಾ ತಂದರೂ ಹಿಡಿಯುವುದಿಲ್ಲ. ಕೆಟ್ಟ ಪಾನಾ ಕೆಡಿಸುವುದು ತನ್ನನ್ನಲ್ಲ, ಸೈಕಲ್ಲನ್ನು. ಬಾಯಿ ತೆರೆದ ಪಾನಾಕ್ಕಿಂತ ನಟ್ಟನ್ನು ಸುತ್ತಲೂ ತಬ್ಬುವ ರಿಂಗಿನ ಪಾನಾ ಮೇಲು, ಅದು ಜಾರುವುದು ಕಡಿಮೆ. ಎಲ್ ಕೀ ಆದರೆ ಅದರ ತುದಿಯ ಮೂಲೆಗಳು ಚೂಪಾಗಿರಬೇಕು. ಮಡಚುವ ಉಪಕರಣವಾದರೆ ಒಂದು ತುಂಡನ್ನು ಬಿಚ್ಚಿ ಅಡ್ಡ ತಿರುಚಿ ನೋಡಬೇಕು, ಕೀಲು ಅಲುಗಿದರೆ ಬೇಡ. ತಗಡು ಕತ್ತರಿಸಿ ಹತ್ತು ತೂತು ಹೊಡೆದ, ಎಲ್ಲ ನಟ್ಟಿಗೂ ಬರುತ್ತದೆ ಎನ್ನುವ ಚಪ್ಪಟೆ ಪಾನಾವನ್ನು ಹತ್ತು ರೂಪಾಯಿಗೆ ಕೊಟ್ಟರೂ ಒಯ್ಯಬಾರದು. ಎಲ್ಲರಿಗೂ ಹೊಂದುವವನು ಯಾರಿಗೂ ಹೊಂದಲಾರ.

ಕೊನೆಗೆ ನಾವು ಕೊಂಡದ್ದು ಇಷ್ಟು. ಟೈರು ಎಬ್ಬಿಸುವ ಕಬ್ಬಿಣದ ಎರಡು ಪಟ್ಟಿ, 40 ರೂಪಾಯಿ. ಪ್ಲಾಸ್ಟಿಕ್ಕಿನವು ಬೇರೆ ಇದ್ದವು, ಆದರೆ ಬಿಗಿ ಟೈರಿಗೆ ಅವು ಲಟಕ್ಕನೆ ಮುರಿಯುತ್ತವೆ. ಪಂಚರಿನ ತುಂಡು, ಸೊಲ್ಯೂಷನ್ನಿನ ಸಣ್ಣ ಟ್ಯೂಬು, ಉಜ್ಜುವ ಕಾಗದ ಕೂಡಿದ ಪೊಟ್ಟಣ 40. ವಾಲ್ವಿನ ರಬ್ಬರು ಕೊಳವೆ ಒಂದು ಗೇಣು, 10. ಕೈಪಂಪು 180. ಚಕ್ರದ ನಟ್ಟಿಗೆ ಕೂಡುವ ರಿಂಗಿನ ಪಾನಾ 90. ಬ್ರೇಕಿಗೆ 8-10ರ ಸಣ್ಣ ಪಾನಾ 40. ಎರಡೂ ತುದಿ ಬಳಕೆಯಾಗುವ ಪೇಚ್‌ಕಸ್ 40. ಒಟ್ಟು 440 ರೂಪಾಯಿ. ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ತಂಗಿ ಹೊಲಿದ ಚೀಲಕ್ಕೆ ದುಡ್ಡು ಬೀಳಲಿಲ್ಲ. ಚಾಚಾ ತಮ್ಮ ಹಳೆಯ ಡಬ್ಬಿಯಿಂದ ಚೈನಿನ ಎರಡು ಲಾಕು ಕೊಟ್ಟರು. ಅದನ್ನು ಹಾಕುವಾಗ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪಂಪು ಕೊಳ್ಳುವಾಗ ಅದರ ಬಾಯಿ ನಿಮ್ಮ ವಾಲ್ವಿಗೆ ಹೊಂದುತ್ತದೆಯೇ ನೋಡಬೇಕು. ನಮ್ಮ ಸಾದಾ ಸೈಕಲ್ಲಿನ ವಾಲ್ವಿನಲ್ಲಿ ಒಂದು ಸಣ್ಣ ರಬ್ಬರು ಕೊಳವೆ ಕುಳಿತು ಗಾಳಿಯನ್ನು ತಡೆಯುತ್ತದೆ. ಗೇರಿನ ಸೈಕಲ್ಲುಗಳಲ್ಲಿ ಬಹುಮಟ್ಟಿಗೆ ಮೋಟಾರಿನ ಥರದ ವಾಲ್ವು. ರಾಯಚೂರಿನ ಬಿಸಿಲಿಗೆ ಈ ರಬ್ಬರು ಕೊಳವೆ ಬಿರಿಯುತ್ತದೆ. ಮುಳ್ಳಿಲ್ಲದೆ ಗಾಳಿ ಹೋಗುವುದರ ಗುಟ್ಟು ಬಹಳ ಸಲ ಇದೇ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿದರೆ ಗುಳ್ಳೆ ಎದ್ದು ಗೊತ್ತಾಗುತ್ತದೆ. ಐವತ್ತು ಪೈಸೆಯಷ್ಟು ಕೊಳವೆ ಬದಲಿಸಿದರೆ ಸೈಕಲ್ಲು ಮತ್ತೆ ನಡೆಯುತ್ತದೆ. ಇದನ್ನು ತಿಳಿಯದೆ ಮೈಲುಗಟ್ಟಲೆ ಸೈಕಲ್ಲು ತಳ್ಳಿದವರು ಎಷ್ಟೋ ಜನ.

ಸಾಮಾನು ಬಂದ ಮೇಲೆ ಕಲಿಸುವ ಕೆಲಸ. ಒಂದು ರವಿವಾರ ಚಾಚಾ ನಮ್ಮ ತಂಗಿಯ ಮನೆಯ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತರು. ಹೊಸಬರು ಪಂಚರೆಂದರೆ ಮೊದಲು ಚಕ್ರ ಬಿಚ್ಚಲು ಹೋಗುತ್ತಾರೆ. ದಾರಿಯ ಮೇಲೆ ಅದರ ಅಗತ್ಯವಿಲ್ಲ. ಉಳಿದ ಗಾಳಿ ಬಿಟ್ಟು, ಟೈರಿನ ಒಂದು ಬದಿಯನ್ನಷ್ಟೇ ಪಟ್ಟಿಯಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆ ಎಳೆದುಕೊಂಡರಾಯಿತು. ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದರೆ ತೂತು ತಾನೇ ಊದಿ ಹೇಳುತ್ತದೆ, ನೀರಿನ ಬುಟ್ಟಿ ಬೇಕೆಂದಿಲ್ಲ. ಆ ಜಾಗವನ್ನು ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಕಾಯಬೇಕು. ಇಲ್ಲಿಯೇ ಎಲ್ಲರೂ ಅವಸರ ಮಾಡುತ್ತಾರೆ. "ಒದ್ದಿ ಇದ್ದಾಗ ಹಚ್ಚಿದ್ರ ಹಿಡಿಯೂದಿಲ್ಲ ಬೇಟಿ. ಬೆರಳಿಗಿ ಅಂಟೂದು ನಿಂತ ಮ್ಯಾಲ ಹಚ್ಚು. ಅಲ್ಲೀತನಕ ಒಂದು ದರೂದ್ ಓದು" ಎಂದರು ಚಾಚಾ. ಕೊನೆಯದು, ಮತ್ತು ಮುಖ್ಯವಾದದ್ದು, ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನಕ್ಕೆ ಸವರಿ ಮುಳ್ಳು ಹುಡುಕುವುದು. ಮುಳ್ಳನ್ನು ಒಳಗೇ ಬಿಟ್ಟು ತೂತು ಮುಚ್ಚಿದರೆ ಮುಂದಿನ ಫರ್ಲಾಂಗಿನಲ್ಲಿ ಮತ್ತೆ ಅದೇ ಹಾಡು. ಇದನ್ನು ಕೇಳುವಾಗ ನಮಗೆ ಸೈಕಲ್ಲಿನ ಆಚೆಗೂ ಬಹಳಷ್ಟು ವಿಷಯಗಳು ಹೊಳೆದವು. ನಮ್ಮ ಊರುಗಳ ಜಗಳಗಳನ್ನು ಸಂಧಾನದ ಸಭೆಗಳು ಮುಚ್ಚುವುದು ಅನೇಕ ಸಲ ಹೀಗೆಯೇ.

ಅಡ್ಡಿ ಬಂದದ್ದು ನಾವು ಎಣಿಸದ ಕಡೆಯಿಂದ. ಚೀಲ ಕಂಡು ಹುಡುಗಿಯ ಅಪ್ಪ ಸುಮ್ಮನಾದ, ಅಂಜಿಕೆಗೆ ಒಂದು ಉತ್ತರ ಸಿಕ್ಕಿತ್ತಲ್ಲ. ಒಪ್ಪದೆ ಹೋದವಳು ನಮ್ಮ ತಂಗಿ. "ಭಾಯ್, ಕಲೀಲಿ, ನಾ ಬ್ಯಾಡನ್ನೂದಿಲ್ಲ. ಆದ್ರ ರಸ್ತಾದ ಮ್ಯಾಲ ಕುಂತು ಪಂಚರ್ ಹಾಕೂದು ಮಂದಿ ನೋಡಿದ್ರ? ಮೊದಲೇ ನಮಗ ಪಂಚರಿನವರು ಅಂತಾರ. ಓದಿಸಿದ್ದು ಇದಕ್ಕೇನು?"

ಅವಳ ಮಾತಿಗೆ ಥಟ್ಟನೆ ಉತ್ತರ ಕೊಡುವುದು ಸುಲಭವಿರಲಿಲ್ಲ. ಅದು ಅವಳ ಕಲ್ಪನೆಯಲ್ಲ. 2019ರ ಡಿಸೆಂಬರಿನಲ್ಲಿ ಪೌರತ್ವ ಕಾಯ್ದೆಯ ಗಲಾಟೆಯ ದಿನಗಳಲ್ಲಿ ಬೆಂಗಳೂರಿನ ಒಂದು ಸಭೆಯಲ್ಲಿ ಸಂಸದರೊಬ್ಬರು ವಿರೋಧಿಸುವವರನ್ನು ಅನಕ್ಷರಸ್ಥರು, ಪಂಚರ್ ಹಾಕುವವರು ಎಂದು ಹೀಗಳೆದರು. 2025ರ ಏಪ್ರಿಲ್ 14ರಂದು ಹರಿಯಾಣದ ಹಿಸಾರಿನಲ್ಲಿ ಪ್ರಧಾನಿಯವರು ವಕ್ಫ್ ಆಸ್ತಿ ಸರಿಯಾಗಿ ಬಳಕೆಯಾಗಿದ್ದರೆ ಮುಸ್ಲಿಂ ಯುವಕರು ಸೈಕಲ್ ಪಂಚರ್ ತಿದ್ದಿ ಬದುಕಬೇಕಾಗುತ್ತಿರಲಿಲ್ಲ ಎಂದರು. ಮೊದಲನೆಯದು ಬೈಗುಳ, ಎರಡನೆಯದು ಕನಿಕರದ ರೂಪದಲ್ಲಿದ್ದ ಮಾತು. ಎರಡರಲ್ಲೂ ಪಂಚರ್ ಹಾಕುವ ಕೆಲಸ ನಾಚಿಕೆಗೇಡಿನದು ಎಂಬುದು ಮಾತ್ರ ಸಮಾನ. ನಮ್ಮವರೇ ಕೆಲವರು ಇದಕ್ಕೆ ಉತ್ತರವಾಗಿ ನಮ್ಮಲ್ಲಿ ಡಾಕ್ಟರಿದ್ದಾರೆ, ಎಂಜಿನಿಯರಿದ್ದಾರೆ, ರಾಷ್ಟ್ರಪತಿಯಾದವರಿದ್ದಾರೆ ಎಂದು ಪಟ್ಟಿ ಕೊಟ್ಟರು. ಪಟ್ಟಿ ನಿಜ. ಆದರೆ ಆ ಉತ್ತರವೂ ಬೈದವರ ಮಾತನ್ನು ಒಪ್ಪಿಕೊಂಡ ಹಾಗೆಯೇ ಅಲ್ಲವೇ? ಚಾಚಾರಂಥವರನ್ನು ಮನೆಯ ಹಿಂದಿನ ಕೋಣೆಯಲ್ಲಿ ಅಡಗಿಸಿಟ್ಟು, ಸೂಟು ಹಾಕಿದವರನ್ನು ಪಡಸಾಲೆಗೆ ತಂದ ಹಾಗೆ.

2006ರಲ್ಲಿ ಬಂದ ಸಾಚಾರ್ ವರದಿ ಮುಸ್ಲಿಮರಲ್ಲಿ ತಿಂಗಳ ಪಗಾರದ ಕೆಲಸದವರು ಕಡಿಮೆ, ಸ್ವಂತ ಕೈಕೆಲಸದಿಂದ ಬದುಕುವವರು ಹೆಚ್ಚು ಎಂದು ಅಂಕಿಸಂಖ್ಯೆಯೊಡನೆ ಹೇಳಿತ್ತು. ಅದರ ಹಿಂದೆ ಬಾಗಿಲು ತೆರೆಯದ ಶಾಲೆಗಳಿವೆ, ಸಿಗದ ಸಾಲವಿದೆ, ನಮ್ಮದೇ ಸಮಾಜದ ಮೈಗಳ್ಳತನವೂ ಇದೆ. ಅವನ್ನು ಪ್ರಶ್ನಿಸಬೇಕು. ಚಾಚಾರ ಮಗನಿಗೆ, ಮೊಮ್ಮಗನಿಗೆ ಬೇರೆ ದಾರಿ ಆರಿಸಿಕೊಳ್ಳುವ ಅನುಕೂಲ ಇರಬೇಕು. ಆದರೆ ಬೇರೆ ದಾರಿ ಇಲ್ಲದಿರುವುದು ಅನ್ಯಾಯ ಎನ್ನುವುದಕ್ಕೂ ಆ ಕೆಲಸವೇ ಕೀಳು ಎನ್ನುವುದಕ್ಕೂ ಭೂಮಿ ಆಕಾಶದಷ್ಟು ಅಂತರವಿದೆ. ಕೈಯಿಂದ ದುಡಿದು ಉಂಡ ಅನ್ನಕ್ಕಿಂತ ಉತ್ತಮವಾದದ್ದಿಲ್ಲ ಎಂಬುದು ನಾವು ಮದರಸಾದಲ್ಲಿ ಕಲಿತ ಹದೀಸು. ಕಾಯಕದ ಬಗ್ಗೆ ಈ ನೆಲದ ಶರಣರು ಹೇಳಿದ್ದನ್ನು ನಾವು ಕನ್ನಡ ಶಾಲೆಯಲ್ಲಿ ಕಲಿತೆವು. ಅಲ್ಲಮನ ಗುಡಿಗೆ ಹೋಗುವ ದಾರಿಯಲ್ಲಿ ನಿಂತು ಕೈಕೆಲಸಕ್ಕೆ ನಾಚುವುದಾದರೆ ಎರಡೂ ಶಾಲೆಗಳ ಓದು ವ್ಯರ್ಥ.

ಇದನ್ನೆಲ್ಲ ನಾವು ತಂಗಿಗೆ ಹೇಳಲು ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು: "ಅಮ್ಮಿ, ನಾನಾ ಎಷ್ಟು ಮಂದೀನ ಮನಿಗೆ ಮುಟ್ಟಿಸ್ಯಾರ, ಗೊತ್ತದೇನು?" ತಂಗಿ ಏನೂ ಅನ್ನಲಿಲ್ಲ. ಮಣೆಯ ಮೇಲೆ ಕೂತಿದ್ದ ಚಾಚಾ ತಲೆ ತಗ್ಗಿಸಿ ಟ್ಯೂಬಿನ ಮೇಲೆ ಇನ್ನೊಮ್ಮೆ ಹೆಬ್ಬೆರಳು ಒತ್ತಿದರು, ಅದು ಆಗಲೇ ಹಿಡಿದಿತ್ತು.

ಈಗ ಆ ಚೀಲ ಸೀಟಿನ ಹಿಂದೆ ನೇತಾಡುತ್ತದೆ. ಮಳೆಗಾಲದಲ್ಲಿ ಅವಳು ಅದಕ್ಕೆ ಒಂದು ಚಪ್ಪಟೆ ಬಿದಿರಿನ ಕಡ್ಡಿಯನ್ನೂ ಸೇರಿಸಿದ್ದಾಳೆ, ಮಡ್ಗಾರ್ಡಿನ ಎರೆಮಣ್ಣು ಕೆದರಲು. ಅದನ್ನು ಯಾವ ಕಂಪನಿಯೂ ಹದಿನಾರರಲ್ಲಿ ಸೇರಿಸಿರಲಿಲ್ಲ. ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬು ನಮ್ಮ ಸೆಖೆಗೆ ಕೆಲವೇ ತಿಂಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ ಎಂಬುದನ್ನೂ ಅವಳೇ ಕಂಡುಕೊಂಡಳು. ದೊಡ್ಡ ಟ್ಯೂಬಿಗಿಂತ ಎರಡು ಸಣ್ಣವು ಮೇಲು, ಒಂದು ತೆರೆದದ್ದು, ಒಂದು ಮುಚ್ಚಿದ್ದು. ಕಡ್ಡಿ ಬಿಗಿಯುವ ಚಾವಿಗೆ ಮಾತ್ರ ಚಾಚಾ ಇನ್ನೂ ಅನುಮತಿ ಕೊಟ್ಟಿಲ್ಲ. ಕಾಲು ಸುತ್ತು ಹೆಚ್ಚಾದರೂ ಚಕ್ರ ಸೊಟ್ಟಗಾಗುವ ಕೆಲಸ ಅದು, ಅದಕ್ಕೆ ವರ್ಷಗಟ್ಟಲೆ ಕೈ ಪಳಗಬೇಕು. ಶಾಲೆಯ ಇತರ ಹುಡುಗಿಯರ ಸೈಕಲ್ಲುಗಳು ಇವಳ ಹತ್ತಿರ ಬರತೊಡಗಿವೆಯಂತೆ. ದುಡ್ಡು ತೆಗೆದುಕೊಳ್ಳುತ್ತೀಯಾ ಎಂದು ಕೇಳಿದೆವು. "ಪಂಚರಿನ ತುಂಡಿಂದು ಅಷ್ಟೇ ತಗೋತೀನಿ ಮಾಮೂ, ಹವಾ ಫುಕಟ್" ಎಂದಳು.

ಓದುಗರಲ್ಲಿ ಯಾರದಾದರೂ ಮನೆಯಿಂದ ಹುಡುಗ ಹುಡುಗಿಯರು ಸೈಕಲ್ಲಿನ ಮೇಲೆ ದೂರ ಹೋಗುವುದಿದ್ದರೆ ನಮ್ಮ ವಿನಂತಿ ಇಷ್ಟೇ. ಹದಿನಾರೋ ಇಪ್ಪತ್ತೋ ಎಂದು ಡಬ್ಬಿಯ ಮೇಲಿನ ಲೆಕ್ಕ ನೋಡಬೇಡಿ. ನಿಮ್ಮ ದಾರಿಯ ಮುಳ್ಳು ಯಾವುದು, ನಿಮ್ಮ ಸೈಕಲ್ಲಿನ ನಟ್ಟು ಯಾವುದು ಎಂದು ಮೊದಲು ನೋಡಿ. ಕೊಂಡ ಸಾಮಾನಿನಿಂದ ಮನೆಯಂಗಳದಲ್ಲಿ ಒಮ್ಮೆ ಟೈರು ಬಿಚ್ಚಿ ಹಾಕಿ, ಒಂದು ರಾತ್ರಿ ಬಿಟ್ಟು ಗಾಳಿ ನಿಂತಿದೆಯೇ ನೋಡಿ, ಆಮೇಲೆ ಮಕ್ಕಳ ಕೈಗೆ ಕೊಡಿ. ನಿಮ್ಮ ಊರಿನಲ್ಲಿ ಬೇವಿನ ಮರದ ಕೆಳಗೆ ಒಬ್ಬ ಹಳೆಯ ಸೈಕಲ್ ಅಂಗಡಿಯವರು ಇನ್ನೂ ಉಳಿದಿದ್ದರೆ, ಒಂದು ರವಿವಾರ ಅವರ ಹತ್ತಿರ ಮಕ್ಕಳನ್ನು ಕೂರಿಸಿ. ಫೀಸು ಕೇಳಿದರೆ ಕೊಡಿ. ಅವರು ಕೇಳಲಿಕ್ಕಿಲ್ಲ, ಆದರೂ ಕೊಡಿ.